ಹಿತ್ತಿಲ ಕೋಳಿಗಳ ಮೊಟ್ಟೆ ಕಡಿಮೆಯಾದರೆ: ಕರಾವಳಿಯ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಭಾಗದ ಮನೆಗಳಲ್ಲಿ ಹಿತ್ತಿಲಿಗೆ ಬಿಟ್ಟು ಸಾಕುವ ಕೋಳಿಗಳು ಮೊಟ್ಟೆ ಕಡಿಮೆ ಮಾಡಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂಗಡಿಯಿಂದ ಒಂದು ಟಾನಿಕ್ ತರುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಕಾರಣ ಬಹುಪಾಲು ಸಲ ಮೇವು, ನೀರು, ಬೆಳಕು, ಗೂಡು ಇವುಗಳಲ್ಲೇ ಇರುತ್ತದೆ ಮತ್ತು ಅದನ್ನು ಹುಡುಕಲು ಖರ್ಚೇನೂ ಬೇಕಾಗುವುದಿಲ್ಲ.

ಹುಡುಕುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಹೇಂಟೆಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ಪೂರ್ತಿ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು, ಆದರೆ ಅದರೊಳಗಿನ ಹಳದಿ ಭಾಗ ಬೆಳೆಯಲು ಅದಕ್ಕೂ ಹಿಂದೆ ವಾರದಿಂದ ಹತ್ತು ದಿನ ತಗಲುತ್ತದೆ. ಹಾಗಾಗಿ ಇವತ್ತು ಗೂಡು ಬರಿದಾಗಿದ್ದರೆ ಅದರ ಕಾರಣ ಅನೇಕ ಸಲ ಹೋದ ವಾರದ್ದೋ ಅದರ ಹಿಂದಿನ ವಾರದ್ದೋ ಆಗಿರುತ್ತದೆ; ಇವತ್ತು ಮಾಡಿದ ಸರಿಪಡಿಕೆಯ ಫಲ ಕಾಣಲಿಕ್ಕೂ ಅಷ್ಟೇ ಕಾಲ ಹಿಡಿಯುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎರಡು ವಾರ ಕಾದು ನೋಡಬೇಕು. ಮೇವು, ಔಷಧ, ಗೂಡು ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಆದರೆ ಕೋಳಿ ಸಾಯುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಕಾಯುವಂತಿಲ್ಲ. ಅಂಥ ಕೋಳಿಗಳಿರುವವರು ನೇರವಾಗಿ ಕೊನೆಯ ಭಾಗವನ್ನು ಓದಬೇಕು.

ನಿರೀಕ್ಷೆಯೂ ತಳಿಗೆ ತಕ್ಕಂತಿರಬೇಕು. ಊರಿನ ಕೋಳಿ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆಯನ್ನು ಕಂತು ಕಂತಾಗಿ ಇಡುತ್ತದೆ; ನಡುವೆ ವಾರಗಟ್ಟಲೆ ಬಿಡುವು ಕೊಡುವುದು ಅದರ ಸ್ವಭಾವವೇ ಹೊರತು ದೋಷವಲ್ಲ. ಸುಧಾರಿತ ತಳಿಗಳಾದ ಗಿರಿರಾಜ 130ರಿಂದ 150, ಸ್ವರ್ಣಧಾರಾ 180ರ ಆಸುಪಾಸು ಕೊಡುತ್ತವೆ. ಆರು ತಿಂಗಳು ತುಂಬದ ಹೇಂಟೆ ಇನ್ನೂ ಶುರುಮಾಡದಿದ್ದರೆ ಚಿಂತಿಸಬೇಕಾಗಿಲ್ಲ. ಎರಡು ವರ್ಷ ದಾಟಿದ ಹೇಂಟೆ ಮೊದಲಿನಷ್ಟು ಇಡಬೇಕೆಂದು ಕಾಯುವುದರಲ್ಲೂ ಅರ್ಥವಿಲ್ಲ.

ಹೇಂಟೆ ಕೂಗುತ್ತದೆ, ಗೂಡಿನಲ್ಲಿ ಮೊಟ್ಟೆ ಇಲ್ಲ

ಮೊಟ್ಟೆ ಇಡುತ್ತಿಲ್ಲವೇ, ಇಟ್ಟದ್ದು ನಮ್ಮ ಕೈಸೇರುತ್ತಿಲ್ಲವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಜುಟ್ಟು ಕೆಂಪಾಗಿ, ತುಂಬಿಕೊಂಡಿದ್ದು, ಬೆಳಿಗ್ಗೆ ಮೊಟ್ಟೆಯಿಟ್ಟ ಕೂಗು ಕೇಳಿಸಿಯೂ ಗೂಡು ಖಾಲಿಯಿದ್ದರೆ ಕೋಳಿ ಎಲ್ಲೋ ಬೇರೆ ಕಡೆ ಇಡುತ್ತಿದೆ ಎಂದೇ ತಿಳಿಯಬೇಕು. ಹಟ್ಟಿಯ ಅಟ್ಟ, ಬೈಹುಲ್ಲಿನ ರಾಶಿ, ತೆಂಗಿನ ಮಡಲುಗಳನ್ನು ಒಟ್ಟಿದ ಜಾಗ, ಬಚ್ಚಲಿನ ಕಟ್ಟಿಗೆಯ ಸಂದು, ಬಾಳೆಯ ಬುಡ ಇವೆಲ್ಲ ಅವುಗಳಿಗೆ ಇಷ್ಟವಾದ ತಾಣಗಳು.

ಪರೀಕ್ಷೆ ಸುಲಭ. ಮೂರು ನಾಲ್ಕು ದಿನ ಕೋಳಿಗಳನ್ನು ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಮೇವು ನೀರಿನೊಂದಿಗೆ ಗೂಡಿನಲ್ಲೇ ಇಟ್ಟು ನಂತರ ಹೊರಗೆ ಬಿಡಿ. ಹೇಂಟೆಗಳು ಹೆಚ್ಚಾಗಿ ಅಷ್ಟು ಹೊತ್ತಿಗೆ ಇಟ್ಟು ಮುಗಿಸಿರುತ್ತವೆ. ಗೂಡಿನಲ್ಲಿ ಮೊಟ್ಟೆ ಸಿಗತೊಡಗಿದರೆ ದೋಷ ಕೋಳಿಯದ್ದಲ್ಲ, ಮೊಟ್ಟೆಯಿಡುವ ಜಾಗದ್ದು: ಅದು ಬೆಳಕಿಗೆ ತೆರೆದುಕೊಂಡಿರಬಹುದು, ಒದ್ದೆಯಾಗಿರಬಹುದು ಅಥವಾ ಕೋಳಿಗಳ ಸಂಖ್ಯೆಗೆ ಸಾಲದಿರಬಹುದು. ನಾಲ್ಕೈದು ಹೇಂಟೆಗೆ ಒಂದರಂತೆ, ಮಂದ ಬೆಳಕಿನ ಮೂಲೆಯಲ್ಲಿ, ಒಣ ಬೈಹುಲ್ಲು ಹಾಸಿದ ಬುಟ್ಟಿ ಅಥವಾ ಪೆಟ್ಟಿಗೆ ಇಟ್ಟು, ಪೆನ್ಸಿಲಿನಿಂದ ಗುರುತು ಹಾಕಿದ ಒಂದು ಮೊಟ್ಟೆಯನ್ನು ಅದರಲ್ಲಿ ಬಿಟ್ಟರೆ ಕೋಳಿಗಳು ಅಲ್ಲಿಗೇ ಬರುತ್ತವೆ. ಅಡಗಿಸಿಟ್ಟ ಮೊಟ್ಟೆಗಳ ರಾಶಿ ಸಿಕ್ಕಿದರೆ ಒಂದೊಂದನ್ನೂ ನೀರಿಗೆ ಹಾಕಿ ನೋಡಿ, ತೇಲುವುದನ್ನು ಬಳಸಬಾರದು.

ಕತ್ತಲೆಯ ಸಂದಿಗೆ ಎಂದೂ ಬರಿಗೈ ಹಾಕಬಾರದು. ಟಾರ್ಚ್ ಬಿಟ್ಟು, ಕೋಲಿನಿಂದ ಹುಲ್ಲು ಸರಿಸಿ ನೋಡಿದ ಮೇಲೆಯೇ ಕೈ ಹಾಕಬೇಕು, ಏಕೆಂದರೆ ಮೊಟ್ಟೆಗೆ ಬರುವವರಲ್ಲಿ ನಾಗರಹಾವೂ ಇದೆ.

ಕಳವಾಗುತ್ತಿದ್ದರೆ ಗುರುತುಗಳು ಹೇಳುತ್ತವೆ. ಚಿಪ್ಪಿನ ಚೂರೂ ಇಲ್ಲದೆ ಮೊಟ್ಟೆ ಮಾಯವಾಗುತ್ತಿದ್ದರೆ ಹಾವು ಅಥವಾ ಉಡ ಇಡಿಯಾಗಿ ನುಂಗುತ್ತಿರಬಹುದು, ಹೆಗ್ಗಣ ಬಿಲಕ್ಕೆ ಉರುಳಿಸಿ ಒಯ್ಯುತ್ತಿರಲೂಬಹುದು. ಚಿಪ್ಪು ಒಡೆದು ಅಲ್ಲಲ್ಲೇ ಬಿದ್ದಿದ್ದರೆ ಮುಂಗುಸಿ ಅಥವಾ ಕಾಗೆ. ಗೂಡಿನ ಹುಲ್ಲಿಗೆ ಲೋಳೆ ಅಂಟಿದ್ದು, ಕೋಳಿಯ ಕೊಕ್ಕಿನ ಮೇಲೆ ಹಳದಿ ಒಣಗಿದ್ದರೆ ಕೋಳಿಯೇ ತನ್ನ ಮೊಟ್ಟೆ ತಿನ್ನುತ್ತಿದೆ. ಇದು ಹೆಚ್ಚಾಗಿ ತೆಳು ಚಿಪ್ಪಿನ ಮೊಟ್ಟೆ ಒಡೆದು ರುಚಿ ಹತ್ತಿದ್ದರಿಂದ ಆರಂಭವಾಗುವ ಚಾಳಿ, ಆದ್ದರಿಂದ ದಿನಕ್ಕೆರಡು ಸಲ ಮೊಟ್ಟೆ ತೆಗೆದು ಚಿಪ್ಪಿನ ದೋಷವನ್ನು ಸರಿಪಡಿಸಬೇಕು. ಕಾಡುಪ್ರಾಣಿಗಳನ್ನು ತಡೆಯಲು ಅರ್ಧ ಇಂಚು ಕಣ್ಣಿನ ಬಲೆ ಸಾಕು. ಹಾವು, ಉಡ, ಮುಂಗುಸಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕೊಲ್ಲುವುದಾಗಲಿ ಉರುಳಿಡುವುದಾಗಲಿ ಅಪರಾಧ. ವಿಷವಿಟ್ಟರೆ ಅದು ನಮ್ಮ ಕೋಳಿಯ ಹೊಟ್ಟೆಗೂ ಸೇರಬಹುದು.

ಹತ್ತು ಕೋಳಿ ಇವೆ, ಇಡುತ್ತಿರುವವು ಯಾವುವೆಂದು ತಿಳಿಯುತ್ತಿಲ್ಲ

ಈ ಪರೀಕ್ಷೆಯನ್ನು ಪ್ರತಿಯೊಬ್ಬ ಸಾಕುವವರೂ ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆ ನಿಂತಿವೆ. ರಾತ್ರಿ ಕೋಳಿಗಳು ಅಡ್ಡಕೋಲಿನ ಮೇಲೆ ಕೂತಿರುವಾಗ ಒಂದನ್ನು ಮೆಲ್ಲಗೆ ಎತ್ತಿ, ಅದರ ಎದೆ ಎಡ ಅಂಗೈ ಮೇಲೆ ಬರುವಂತೆ, ತಲೆ ನಿಮ್ಮ ಮೊಣಕೈಯ ಕಡೆಗಿರುವಂತೆ ಹಿಡಿಯಿರಿ. ಬಾಲದ ಕೆಳಗಿನ ಪುಕ್ಕಗಳನ್ನು ಸರಿಸಿ ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಇಡುತ್ತಿರುವ ಹೇಂಟೆಯ ದ್ವಾರ ಅಗಲವಾಗಿ, ತೇವವಾಗಿ, ಬಿಳಿಚಿಕೊಂಡು ಕಾಣುತ್ತದೆ. ನಿಲ್ಲಿಸಿದ್ದರೆ ಕಿರಿದಾಗಿ, ಒಣಗಿ, ಸುಕ್ಕುಗಟ್ಟಿರುತ್ತದೆ. ದ್ವಾರದ ಎರಡು ಬದಿಗಳಲ್ಲಿ ಚೂಪಾದ ಎರಡು ಎಲುಬಿನ ತುದಿಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡರಿಂದ ಮೂರು ಬೆರಳು ಹಿಡಿದರೆ ಆ ಹೇಂಟೆ ಇಡುತ್ತಿದೆ, ಒಂದೇ ಬೆರಳು ಹಿಡಿದರೆ ಇಡುತ್ತಿಲ್ಲ. ಊರಿನ ಕೋಳಿಯ ಮೈ ಚಿಕ್ಕದಾದ್ದರಿಂದ ಈ ಅಳತೆಯನ್ನು ತುಸು ಕಡಿಮೆಯಾಗಿಯೇ ಎಣಿಸಬೇಕು. ಹಳದಿ ಕಾಲಿನ ತಳಿಗಳಲ್ಲಿ ಇನ್ನೊಂದು ಸಾಕ್ಷಿಯಿದೆ: ಮೊಟ್ಟೆ ಇಡುತ್ತ ಹೋದಂತೆ ಹಳದಿ ಬಣ್ಣ ಮೊದಲು ದ್ವಾರದಿಂದ, ನಂತರ ಕಣ್ಣಿನ ಸುತ್ತಿನಿಂದ, ಕೊಕ್ಕಿನಿಂದ, ಕೊನೆಗೆ ಕಾಲಿನಿಂದ ಮಾಸುತ್ತದೆ. ಕಾಲು ಮತ್ತೆ ಗಾಢ ಹಳದಿಗೆ ತಿರುಗಿದ್ದರೆ ಆ ಹೇಂಟೆ ನಿಲ್ಲಿಸಿ ಕೆಲವು ವಾರಗಳಾದವು.

ಅದೇ ಹೊತ್ತಿನಲ್ಲಿ ಎದೆಯ ಮೂಳೆಯನ್ನೂ ಮುಟ್ಟಿ ನೋಡಿ. ಮೂಳೆ ಕತ್ತಿಯಂತೆ ಹರಿತವಾಗಿ ಕೈಗೆ ಸಿಕ್ಕಿದರೆ ಕೋಳಿ ಸೊರಗಿದೆ. ಹೊಟ್ಟೆಯ ಭಾಗ ಗಟ್ಟಿ ಮುದ್ದೆಯಾಗಿದ್ದರೆ ಕೊಬ್ಬಿದೆ. ಕಾಲಿಗೆ ಬೇರೆ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ ಕಂಡದ್ದನ್ನು ಬರೆದಿಡಿ. ಒಂದೆರಡು ಮಾತ್ರ ನಿಲ್ಲಿಸಿದ್ದರೆ ಕಾರಣ ಆ ಕೋಳಿಗಳಲ್ಲೇ ಇದೆ, ಅಂದರೆ ಪ್ರಾಯ, ಕಾವು ಅಥವಾ ಕಾಯಿಲೆ. ಎಲ್ಲವೂ ಒಟ್ಟಿಗೆ ಇಳಿಸಿದ್ದರೆ ಮೇವು, ನೀರು, ಬೆಳಕು ಅಥವಾ ಸೋಂಕನ್ನು ನೋಡಬೇಕು.

ಎಲ್ಲವೂ ಒಟ್ಟಿಗೆ ಕಡಿಮೆ ಮಾಡಿವೆ, ನೋಡಲು ಆರೋಗ್ಯವಾಗಿವೆ

ನೀರನ್ನು ಮೊದಲು ನೋಡಿ. ಒಂದು ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಸೆಕೆಗೆ ಅದು ಇನ್ನೂ ಹೆಚ್ಚುತ್ತದೆ. ಒಂದು ದಿನ ನೀರು ತಪ್ಪಿದರೂ ಮೊಟ್ಟೆ ವಾರಗಟ್ಟಲೆ ನಿಲ್ಲಬಹುದು. ಮನೆಯವರು ಎರಡು ದಿನ ಮದುವೆಗೆಂದು ಊರಿಗೆ ಹೋಗಿದ್ದರೆ ಅದನ್ನೂ ನೆನಪಿಸಿಕೊಳ್ಳಬೇಕು. ನದಿಯ ಅಳಿವೆ, ಹಿನ್ನೀರುಗಳ ಬದಿಯ ಮನೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಾವಿಯ ನೀರು ಉಪ್ಪಾಗುತ್ತದೆ. ಉಪ್ಪು ನೀರು ಕುಡಿದ ಕೋಳಿಯ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ, ಹಿಕ್ಕೆ ನೀರಾಗುತ್ತದೆ. ಮನೆಯವರು ಕುಡಿಯಲು ತರುವ ಸಿಹಿನೀರಿನಲ್ಲೇ ಕೋಳಿಗೂ ಪಾಲು ಕೊಡಬೇಕು.

ನಂತರ ಮೇವು. ನಮ್ಮ ಮನೆಗಳಲ್ಲಿ ಕೋಳಿಗೆ ಸಿಗುವುದು ಕುಚ್ಚಲಕ್ಕಿ ಅನ್ನ, ನುಚ್ಚು, ತೌಡು, ಉಳಿದ ದೋಸೆಯ ತುಂಡು. ಹೊಟ್ಟೆ ತುಂಬುತ್ತದೆ, ಆದರೆ ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಇಡುವ ಹೇಂಟೆಯ ಮೇವಿನಲ್ಲಿ ಶೇಕಡಾ 16ರಿಂದ 18ರಷ್ಟು ಪ್ರೋಟೀನ್ ಇರಬೇಕು. ಅಕ್ಕಿಯಲ್ಲಿ ಇರುವುದು ಅದರ ಅರ್ಧಕ್ಕೂ ಕಡಿಮೆ. ಅನ್ನ ಹೆಚ್ಚಾಗಿ ತಿಂದ ಕೋಳಿ ಕೊಬ್ಬಿ, ಹೊಟ್ಟೆ ಮುದ್ದೆಯಾಗಿ, ಮೊಟ್ಟೆ ನಿಲ್ಲಿಸುತ್ತದೆ. ಇದು ಊರಿನ ಹಿತ್ತಿಲುಗಳಲ್ಲಿ ಬಹಳ ಸಾಮಾನ್ಯವಾದ ದೋಷ, ಮತ್ತು ಕೋಳಿ ದಷ್ಟಪುಷ್ಟವಾಗಿ ಕಾಣುವುದರಿಂದ ಯಾರೂ ಮೇವನ್ನು ಅನುಮಾನಿಸುವುದೇ ಇಲ್ಲ. ಗಿರಿರಾಜ, ಸ್ವರ್ಣಧಾರಾದಂಥ ದೊಡ್ಡ ತಳಿಗೆ ಎಲ್ಲ ಸೇರಿ ದಿನಕ್ಕೆ 100ರಿಂದ 120 ಗ್ರಾಂ ಮೇವು ಬೇಕು, ಅದರಲ್ಲಿ ಅರ್ಧದಷ್ಟಾದರೂ ಲೇಯರ್ ಆಹಾರ, ಅಂದರೆ ಮೊಟ್ಟೆಯಿಡುವ ಕೋಳಿಗೆಂದೇ ತಯಾರಿಸಿದ ಮೇವು, ಇರಲಿ. ತೋಟದಲ್ಲಿ ಕೆದಕಿ ಹುಳುಹುಪ್ಪಟೆ ತಿನ್ನುವ ಊರಿನ ಕೋಳಿಗೆ ಸಂಜೆ ಒಂದು ಹಿಡಿ ಸಾಕು. ಅನ್ನವನ್ನು ಸಂಜೆ ಕೊನೆಗೆ, ಸ್ವಲ್ಪವೇ ಹಾಕಬೇಕು.

ಬಂಗುಡೆ, ಬೂತಾಯಿಯ ತಲೆ ಮತ್ತು ಕರುಳು ಒಳ್ಳೆಯ ಪ್ರೋಟೀನ್, ಆದರೆ ತಾಜಾ ಇದ್ದಾಗಲೇ ಉಪ್ಪು ಹಾಕದೆ ಬೇಯಿಸಿ, ಸ್ವಲ್ಪ ಪ್ರಮಾಣದಲ್ಲಿ ಕೊಡಬೇಕು. ಹೆಚ್ಚಾದರೆ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಉಪ್ಪು ಹಾಕಿದ ಒಣಮೀನು, ಉಪ್ಪಿನಕಾಯಿಯ ರಸ ಬೆರೆತ ಮುಸುರೆ ಕೋಳಿಗೆ ವಿಷದಂತೆ. ಅವು ಬೇಡವೇ ಬೇಡ.

ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಉಬ್ಬಿ ಕುಕ್ಕುತ್ತದೆ

ಇದು ಕಾವು. ರೋಗವಲ್ಲ. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಮರಿ ಮಾಡಲು ಬಿಟ್ಟರೆ 21 ದಿನ ಕೂತು, ಮರಿಗಳೊಂದಿಗೆ ಮತ್ತೆ ಒಂದೂವರೆ ಎರಡು ತಿಂಗಳು ತಿರುಗಿದ ಮೇಲೆಯೇ ಮುಂದಿನ ಕಂತು ಆರಂಭಿಸುತ್ತದೆ. ಮರಿ ಬೇಕಿಲ್ಲದಿದ್ದರೆ ತಳಕ್ಕೆ ತಂತಿಬಲೆಯಿರುವ ಪಂಜರವನ್ನು ನೆಲದಿಂದ ಎತ್ತರಿಸಿ, ನೆರಳಿನಲ್ಲಿ ಆದರೆ ಬೆಳಕಿರುವ ಕಡೆ ಇಟ್ಟು, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಅದರಲ್ಲಿ ಬಿಡಿ. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿದರೆ ಕಾವು ಇಳಿಯುತ್ತದೆ. ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಇವು ಹಿಂಸೆಯೇ ಹೊರತು ಪರಿಹಾರವಲ್ಲ, ಅದರಲ್ಲೂ ಆಟಿಯ ಮಳೆಯಲ್ಲಿ ನೆನೆಸಿದ ಕೋಳಿ ಕಾಯಿಲೆ ಬೀಳುತ್ತದೆ.

ಪುಕ್ಕ ಉದುರುತ್ತಿದೆ

ಕೊರಳಿನಿಂದ ಆರಂಭಿಸಿ ಮೈಯೆಲ್ಲ ಉದುರಿ, ಮುಳ್ಳಿನಂಥ ಹೊಸ ಗರಿಗಳು ಚಿಗುರುತ್ತಿದ್ದರೆ ಅದು ವರ್ಷಕ್ಕೊಮ್ಮೆ ಬರುವ ಗರಿ ಬದಲಾವಣೆ. ಎರಡು ಮೂರು ತಿಂಗಳು ಮೊಟ್ಟೆ ಇರುವುದಿಲ್ಲ. ಒಳ್ಳೆಯ ಮೇವು ಕೊಟ್ಟು ಕಾಯಬೇಕಷ್ಟೆ. ಬೆನ್ನಿನ ಮೇಲೆ ಮಾತ್ರ ಬೋಳಾಗಿದ್ದರೆ ಹುಂಜಗಳು ಹೆಚ್ಚಾಗಿವೆ ಎಂದರ್ಥ. ನಮ್ಮಲ್ಲಿ ಹುಂಜ ಸಾಕುವ ಹುರುಪು ಹೆಚ್ಚು, ಆದರೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಮಳೆಗಾಲ ಹಿಡಿದ ಮೇಲೆ ನಿಂತುಹೋಯಿತು

ಹೇಂಟೆಗೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಸಿಕ್ಕಿದರೆ ಮೊಟ್ಟೆ ಚೆನ್ನಾಗಿರುತ್ತದೆ. ಉಡುಪಿಯಲ್ಲಿ ಅತಿ ದೀರ್ಘ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಅಂದರೆ ಹಗಲು ಚಿಕ್ಕದಾಗಿ ಮೊಟ್ಟೆ ಇಳಿಯಬೇಕಾದ ಕಾಲ ನವೆಂಬರಿನಿಂದ ಜನವರಿಯವರೆಗಿನದು. ಜೂನ್, ಜುಲೈಯಲ್ಲಿ ಹಗಲು ದೀರ್ಘವಾಗಿಯೇ ಇರುತ್ತದೆ. ಮೋಡ ಕವಿದ ಹೊರಗಿನ ಬೆಳಕೂ ಕೋಳಿಗೆ ಧಾರಾಳ ಸಾಕು. ಮಳೆಯೆಂದು ಎಂಟು ಗಂಟೆಯ ತನಕ ಗೂಡು ತೆರೆಯದಿರುವುದು, ಮರಗಳ ಕೆಳಗಿನ ಕತ್ತಲೆ ಗೂಡಿನಲ್ಲಿ ಕೋಳಿಗಳು ದಿನವಿಡೀ ಕೂರುವುದು ನಿಜವಾದ ಕೊರತೆ. ಗೂಡನ್ನು ಬೆಳಕು ಹರಿಯುತ್ತಲೇ ತೆರೆದು, ಮಾಡಿನಲ್ಲಿ ಒಂದು ಪಾರದರ್ಶಕ ಶೀಟು ಹಾಕಿಸಿ, ಮಳೆ ತಾಗದ ಒಂದು ಚಾವಡಿಯಂಥ ಜಾಗ ಮಾಡಿಕೊಟ್ಟರೆ ಬಲ್ಬು ಬೇಕಾಗುವುದಿಲ್ಲ. ಬಲ್ಬು ಹಾಕುವುದಾದರೆ ಬೆಳಗಿನ ಜಾವಕ್ಕೆ ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಬೇಕು. ಬೆಳೆಯುತ್ತಿರುವ ಮರಿಗಳಿರುವ ಗೂಡಿಗೆ ಬೇಡ. ಮಳೆಗಾಲದಲ್ಲಿ ಒದ್ದೆ ಗೂಡಿಗೆ ಜೋಡಿಸಿದ ತಂತಿ ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮಳೆಗಾಲದ ಎರಡನೆಯ ಕಾರಣ ಬೂಷ್ಟು. ನೆಲಗಡಲೆ ಹಿಂಡಿ, ಮೆಕ್ಕೆಜೋಳ, ಲೇಯರ್ ಆಹಾರ ಇವು ಈ ತೇವಕ್ಕೆ ವಾರದೊಳಗೆ ಗಂಟುಗಟ್ಟಿ ಮುಗ್ಗುಲು ವಾಸನೆ ಹಿಡಿಯುತ್ತವೆ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಕೆಡಿಸಿ ಮೊಟ್ಟೆ ಇಳಿಸುತ್ತದೆ, ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ಮೇವನ್ನು ದನಕ್ಕೂ ಹಾಕದೆ ಹೂಳಿಬಿಡಬೇಕು. ಎರಡು ವಾರಕ್ಕೆ ಸಾಲುವಷ್ಟನ್ನೇ ತಂದು, ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ನೆಲದಿಂದ ಎತ್ತರದಲ್ಲಿ ಇಡಿ. ಗೂಡಿನ ನೆಲಕ್ಕೆ ಭತ್ತದ ಉಮಿ ಅಥವಾ ಮರದ ಹುಡಿ ಹಾಸಿ, ಒದ್ದೆಯಾದದ್ದನ್ನು ಆಗಾಗ ತೆಗೆಯಬೇಕು; ಒಳಗೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಕೋಳಿಗೆ ಅದು ಎಷ್ಟೋ ಹೊತ್ತಿನಿಂದ ಉರಿಯುತ್ತಿದೆ.

ಅಡಿಕೆ ತೋಟವಿರುವವರಿಗೆ ಒಂದು ಎಚ್ಚರಿಕೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ದಿನ ಮತ್ತು ನಂತರದ ಕೆಲವು ದಿನ ಕೋಳಿಗಳನ್ನು ತೋಟಕ್ಕೆ ಬಿಡಬಾರದು. ಮೈಲುತುತ್ತು ಕದಡಿದ ಡ್ರಮ್ಮಿನ ಬಳಿ ನಿಂತ ನೀಲಿ ನೀರನ್ನು ಕುಡಿದರೆ ಕೋಳಿ ಉಳಿಯುವುದು ಕಷ್ಟ.

ಬೇಸಿಗೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತವೆ

ಕರಾವಳಿಯ ಸೆಕೆಯಲ್ಲಿ ತೇವಾಂಶವೂ ಸೇರಿರುವುದರಿಂದ ಕೋಳಿಗೆ ಮೈ ತಣಿಸಿಕೊಳ್ಳುವುದು ಕಷ್ಟ. ಏದುಸಿರು ಬಿಟ್ಟಾಗ ರಕ್ತದಲ್ಲಿ ಚಿಪ್ಪಿಗೆ ಬೇಕಾದ ಅಂಶ ಕಡಿಮೆಯಾಗುತ್ತದೆ, ಮೇವೂ ಇಳಿಯುತ್ತದೆ. ಮೇವನ್ನು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಕೊಡಿ, ನೀರನ್ನು ಮಧ್ಯಾಹ್ನ ಬದಲಾಯಿಸಿ, ತಗಡಿನ ಮಾಡಿಗೆ ಮಡಲು ಹೊದಿಸಿ. ಕೋಳಿ ರೆಕ್ಕೆ ಇಳಿಬಿಟ್ಟು ಬಿದ್ದಿದ್ದರೆ ಕೂಡಲೇ ನೆರಳಿಗೆ ತಂದು, ಕಾಲನ್ನು ತಣ್ಣೀರಿನಲ್ಲಿ ನೆನೆಸಿ ಗಾಳಿ ಬೀಸಬೇಕು.

ಚಿಪ್ಪು ತೆಳು, ಅಥವಾ ಚಿಪ್ಪೇ ಇಲ್ಲ

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮರುವಾಯಿ, ಕಪ್ಪೆಚಿಪ್ಪು ಧಾರಾಳವಾಗಿ ಸಿಗುವ ನಮ್ಮ ಊರಿನಲ್ಲಿ ಇದಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ. ಅಡುಗೆಯಾದ ಮೇಲೆ ಉಳಿದ ಚಿಪ್ಪನ್ನು ಉಪ್ಪು, ಮಸಾಲೆ ಹೋಗುವಂತೆ ತೊಳೆದು, ಬಿಸಿಲಿಗೆ ಒಣಗಿಸಿ, ದಪ್ಪ ನುಚ್ಚಿನಷ್ಟು ಜಜ್ಜಿ, ಮೇವಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಿ. ಇಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಸಂಜೆ ಆ ಬಟ್ಟಲು ತುಂಬಿರಬೇಕು. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಮಾತ್ರ ತಿನ್ನಿಸಬಾರದು, ಅದು ಬಾಯಿ ಗಂಟಲನ್ನು ಸುಡುತ್ತದೆ. ಪಟಾಕಿ, ನಾಯಿ ಓಡಿಸಿದ ಗಾಬರಿಯಿಂದ ಒಂದೆರಡು ಮೆತ್ತನೆ ಮೊಟ್ಟೆ ಬಂದರೆ ಚಿಂತೆಯಿಲ್ಲ. ಚಿಪ್ಪು ಇಟ್ಟು ಎರಡು ವಾರವಾದರೂ ಹಲವು ಕೋಳಿಗಳು ಮೆತ್ತನೆ ಅಥವಾ ಸುಕ್ಕುಗಟ್ಟಿದ ಮೊಟ್ಟೆ ಇಡುತ್ತಿದ್ದರೆ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಬೇಕು.

ರಾತ್ರಿ ಗೂಡಿಗೆ ಹೋಗಲು ಒಪ್ಪುವುದಿಲ್ಲ, ಜುಟ್ಟು ಬಿಳಿಚಿದೆ

ಕೆಂಪು ನುಸಿ ಹಗಲು ಗೂಡಿನ ಬಿರುಕುಗಳಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಅಡ್ಡಕೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒರೆಸಿದರೆ ರಕ್ತದ ಗೆರೆ ಕಾಣುತ್ತದೆ. ಹೇನಾದರೆ ಬಾಲದ ಬುಡದ ಪುಕ್ಕಗಳಲ್ಲಿ ಹಗಲೇ ಓಡಾಡುತ್ತದೆ. ಗೂಡಿನ ಹುಲ್ಲು ಸುಟ್ಟು, ಕೋಲು ಮತ್ತು ಬಿರುಕುಗಳಿಗೆ ಕುದಿನೀರು ಹೊಯ್ದು, ಕೋಳಿಗಳಿಗೆ ಒಣ ಬೂದಿ ಮಣ್ಣಿನಲ್ಲಿ ಹೊರಳಾಡಲು ಜಾಗ ಮಾಡಿಕೊಡಿ. ತೋಟಕ್ಕೆ ಬಿಡುವ ಕೀಟನಾಶಕವನ್ನು ಕೋಳಿಯ ಮೈಗೆ ಎಂದೂ ಹಾಕಬಾರದು. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಜಂತುಹುಳ ಇರಬಹುದು. ಔಷಧದ ಪ್ರಮಾಣವನ್ನೂ, ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಬೇಕು. ಗೂಡು ಗುಡಿಸುವಾಗ ಮೂಗಿಗೆ ಬಟ್ಟೆ, ಆಮೇಲೆ ಕೈಗೆ ಸಾಬೂನು ಕಡ್ಡಾಯ.

ಒಂದೇ ಹೇಂಟೆ ಬಾಲ ಇಳಿಸಿ, ನೆಟ್ಟಗೆ ನಿಂತು ತಿಣುಕುತ್ತಿದೆ

ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಹೊಟ್ಟೆಯ ಭಾಗ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚಗಿನ ಜಾಗದಲ್ಲಿ ಬಿಡಿ. ಹೊಟ್ಟೆ ಒತ್ತುವುದು, ಒಳಗಿನ ಮೊಟ್ಟೆ ಒಡೆಯುವುದು ಬೇಡ, ಚೂರುಗಳು ಒಳಗೆ ಗಾಯ ಮಾಡುತ್ತವೆ. ಅದೇ ದಿನ ಮೊಟ್ಟೆ ಬಾರದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕರೆಯಿರಿ

ಮೊಟ್ಟೆ ಒಮ್ಮೆಲೇ ನಿಂತು, ಅದರೊಂದಿಗೆ ಹಸಿರು ಹಿಕ್ಕೆ, ಗೊರಗೊರ ಉಸಿರು, ತಿರುಚಿದ ಕುತ್ತಿಗೆ, ಊದಿದ ಅಥವಾ ನೀಲಿಗಟ್ಟಿದ ಜುಟ್ಟು, ಒಂದೆರಡು ದಿನದಲ್ಲಿ ಹಲವು ಸಾವು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ನಿಲ್ಲಿಸಬೇಕು. ಅದು ಕೊಕ್ಕರೆ ರೋಗ (ರಾಣಿಖೇತ್ ಎಂಬ ವೈರಸ್ ಕಾಯಿಲೆ) ಆಗಿರಬಹುದು, ಹಕ್ಕಿಜ್ವರವೂ ಆಗಿರಬಹುದು, ಮತ್ತು ಎರಡರ ಲಕ್ಷಣಗಳೂ ಎಷ್ಟು ಹೋಲುತ್ತವೆಯೆಂದರೆ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಬೇರ್ಪಡಿಸಲಾಗದು. ಕಾಯಿಲೆಯ ಕೋಳಿಯನ್ನು ಕೊಯ್ಯಬಾರದು, ಮಾರಬಾರದು, ನೆರೆಮನೆಗೆ ಕೊಡಬಾರದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ತೋಡಿಗೆ ಎಸೆಯದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆಗುತ್ತದೆ. ಅವರು ಹೂಳಲು ಹೇಳಿದರೆ ಬಾವಿಯಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮೇವು, ತಳಿಯ ಬಗ್ಗೆ ಸಲಹೆ ಬೇಕಾದವರಿಗೆ ಬ್ರಹ್ಮಾವರ ಮತ್ತು ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಕೊಕ್ಕರೆ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿನ ಹನಿ, ಎಂಟನೇ ವಾರದ ಆಸುಪಾಸಿನಲ್ಲಿ ಚುಚ್ಚುಮದ್ದು, ಮುಂದಿನದ್ದು ವೈದ್ಯರು ಹೇಳಿದಂತೆ. ಅಂಕದಿಂದ (ಕೋಳಿ ಕಾಳಗದಿಂದ) ತಂದ ಕೋಳಿಯನ್ನು ಮನೆಯಲ್ಲಿ ಕೊಯ್ದು ಅದರ ಕರುಳು, ಪುಕ್ಕವನ್ನು ಹಿತ್ತಿಲಿಗೆ ಎಸೆಯುವುದರಿಂದ ಈ ರೋಗ ಮನೆಯ ಹಿಂಡಿಗೆ ಬರುತ್ತದೆ. ಅದನ್ನು ಆಳವಾಗಿ ಹೂಳಲೇಬೇಕು. ಹೊರಗಿನಿಂದ ತಂದ ಯಾವ ಕೋಳಿಯನ್ನೇ ಆಗಲಿ ಮೂರು ವಾರ ಬೇರೆ ಗೂಡಿನಲ್ಲಿಟ್ಟು, ಅದಕ್ಕೆ ಕೊನೆಯಲ್ಲಿ ಮೇವು ಹಾಕಿ, ನಂತರ ಕೈಕಾಲು ತೊಳೆಯಬೇಕು. ರೋಗದಿಂದ ಬದುಕುಳಿದ ಹೇಂಟೆಗಳು ಮತ್ತೆ ಮೊಟ್ಟೆ ಆರಂಭಿಸಲು ಕೆಲವು ವಾರ ಹಿಡಿಯುತ್ತದೆ. ಕೆಲವು ಮೊದಲಿನ ಮಟ್ಟಕ್ಕೆ ಮರಳುವುದೇ ಇಲ್ಲ, ಅಂಥವನ್ನು ರಾತ್ರಿಯ ಬೆರಳಿನ ಪರೀಕ್ಷೆಯಿಂದ ಗುರುತಿಸಿ ಮುಂದಿನ ನಿರ್ಧಾರ ತೆಗೆದುಕೊಳ್ಳಬೇಕು.